ರಜೆ ಬೇರೆ, ವಿಶ್ರಾಂತಿ ಬೇರೆ

ವೀಕ್ಷಕರೇ, ಇವತ್ತು ಒಂದು ಪ್ರಶ್ನೆ ಕೇಳ್ತೀನಿ. ವಿಮಾನ ಕಂಪನಿಯಲ್ಲಿ ಕೆಲಸ ಮಾಡುವ ಪೈಲಟ್ ಒಬ್ಬ ತನ್ನ ರಜಾ ದಿನ ಮನೆಯಲ್ಲಿ ಕೂರದೆ, ಇನ್ಯಾರದೋ ವಿಮಾನ ಹಾರಿಸಿ ಒಂದಿಷ್ಟು ಸಂಪಾದನೆ ಮಾಡಿಕೊಂಡರೆ ಅದು ಸರಿಯಾ, ತಪ್ಪಾ?

‘ರಜೆ ಅವನದು, ಲೈಸೆನ್ಸ್ ಅವನದು, ದುಡಿಮೆ ಅವನದು. ಕೇಳೋಕೆ ನೀವ್ಯಾರು?’ ಅಂತ ಕೆಲವರು ಹೇಳಬಹುದು. ‘ಮಾರನೇ ದಿನ ಬೆಳಗಿನ ಜಾವ ಅವನು ಹಾರಿಸೋ ವಿಮಾನದಲ್ಲಿ ನನ್ನ ಹೆಂಡತಿ ಮಕ್ಕಳು ಕೂತಿರ್ತಾರೆ. ಅದಕ್ಕೇ ಕೇಳ್ತೀನಿ’ ಅಂತ ಇನ್ನು ಕೆಲವರು ಹೇಳಬಹುದು. ಎರಡೂ ಮಾತಿನಲ್ಲಿ ನ್ಯಾಯ ಇದೆ. ಹಾಗಾಗಿ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಇದು ಹೆಚ್ಚಾಗಿ ಅಮೆರಿಕದ ಕಥೆ. ಕಾರಣ ಇಷ್ಟೇ, ಅಲ್ಲಿ ಸಣ್ಣ ವಿಮಾನಗಳ ಲೋಕ ಬಹಳ ದೊಡ್ಡದು. ಸಾರ್ವಜನಿಕ ಬಳಕೆಗೆ ತೆರೆದಿರುವ ವಿಮಾನ ನಿಲ್ದಾಣಗಳೇ ಐದು ಸಾವಿರದಷ್ಟಿವೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ಇದೆಯಲ್ಲ, ಅಂಥ ಪುಟ್ಟ ಏರೋಡ್ರೋಮ್‌ಗಳು ಅಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಅಲ್ಲಿ ವಿಮಾನ ಕಲಿಯುವವರಿಗೆ ಪಾಠ ಹೇಳಬೇಕು. ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವವರನ್ನು ಮೇಲೆ ಕರೆದೊಯ್ಯಬೇಕು. ಗ್ಲೈಡರ್ ಎಳೆಯಬೇಕು, ಜಾಹೀರಾತಿನ ಬ್ಯಾನರ್ ಎಳೆಯಬೇಕು, ಹೊಲಕ್ಕೆ ಔಷಧಿ ಸಿಂಪಡಿಸಬೇಕು. ಶ್ರೀಮಂತರ ಖಾಸಗಿ ಜೆಟ್‌ಗೆ ಒಂದೆರಡು ದಿನದ ಮಟ್ಟಿಗೆ ಪೈಲಟ್ ಬೇಕಾಗುತ್ತೆ, ದಿನಗೂಲಿ ಲೆಕ್ಕದಲ್ಲಿ. ಏರ್‌ಲೈನ್ ಪೈಲಟ್‌ಗಳಲ್ಲಿ ಎಷ್ಟೋ ಮಂದಿ ರಜೆ ಬಂದಾಗ ಈ ಕೆಲಸಗಳಿಗೆ ಹೋಗ್ತಾರೆ. ಇನ್ನು ಕೆಲವರು ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಅರೆಕಾಲಿಕ ಯೋಧರು. ಸೇನೆ ಕರೆದರೆ ಏರ್‌ಲೈನ್ ಕೆಲಸ ಬಿಟ್ಟು ಹೋಗಿ ಬರಲು ಅವರಿಗೆ 1994ರ ಕಾನೂನಿನ ರಕ್ಷಣೆಯೇ ಇದೆ.

‘ಪೈಲಟ್ ಸಂಬಳ ಲಕ್ಷಗಟ್ಟಲೆ. ಅದರ ಮೇಲೆ ಇನ್ನೊಂದು ಕೆಲಸ ಯಾಕ್ರೀ? ದುರಾಸೆ ಅಲ್ವಾ?’ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ಬೇಕಾದರೆ 2009ರ ಮೊದಲ ಎರಡು ತಿಂಗಳು ನೋಡಬೇಕು. ಬರೀ ನಲವತ್ತು ದಿನದಲ್ಲಿ ಮೂರು ಘಟನೆ ನಡೆದವು.

ಜನವರಿ 15. ನ್ಯೂಯಾರ್ಕ್‌ನಿಂದ ಹಾರಿದ ಯುಎಸ್ ಏರ್‌ವೇಸ್ ವಿಮಾನಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್ ಕೈಕೊಟ್ಟವು. ಕ್ಯಾಪ್ಟನ್ ಚೆಸ್ಲಿ ಸಲನ್‌ಬರ್ಗರ್ ಮತ್ತು ಸಹ ಪೈಲಟ್ ಜೆಫ್ರಿ ಸ್ಕೈಲ್ಸ್ ಆ ವಿಮಾನವನ್ನು ಹಡ್ಸನ್ ನದಿಯ ನೀರಿನ ಮೇಲೇ ಇಳಿಸಿದರು. 155 ಜನ ಇದ್ದರು, 155 ಜನರೂ ಬದುಕಿದರು. ಇಡೀ ಜಗತ್ತು ಚಪ್ಪಾಳೆ ಹೊಡೀತು.

ಫೆಬ್ರವರಿ 12. ನ್ಯೂಯಾರ್ಕ್ ರಾಜ್ಯದ ಬಫಲೋ ಬಳಿ ಕೋಲ್ಗನ್ ಏರ್ ಎಂಬ ಸಣ್ಣ ಕಂಪನಿಯ ವಿಮಾನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಸಾವು. ವಿಚಾರಣೆಯಲ್ಲಿ ಹೊರಬಂದ ವಿಷಯಗಳು ಜನರನ್ನು ಬೆಚ್ಚಿಬೀಳಿಸಿದವು. ಸಹ ಪೈಲಟ್ ಆಗಿದ್ದ ಯುವತಿ ದೇಶದ ಆ ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಸರಕು ವಿಮಾನ ಹತ್ತಿ ಡ್ಯೂಟಿಗೆ ಬಂದಿದ್ದರು. ಅವರ ಸಂಬಳ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಅಂತ ವಿಚಾರಣೆಯಲ್ಲಿ ಹೇಳಲಾಯಿತು. ಹಿಂದೆ ಕೆಲ ಕಾಲ ಕಾಫಿ ಅಂಗಡಿಯಲ್ಲೂ ದುಡಿದಿದ್ದರು. ಕ್ಯಾಪ್ಟನ್ ಹಿಂದಿನ ರಾತ್ರಿ ಕಳೆದದ್ದು ವಿಮಾನ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ. ಅಪಘಾತಕ್ಕೆ ನೇರ ಕಾರಣ, ವೇಗ ಕುಸಿದು ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಿದ ತಪ್ಪು ಪ್ರತಿಕ್ರಿಯೆ. ಇಬ್ಬರೂ ದಣಿದಿದ್ದರು, ಆ ದಣಿವಿನಿಂದ ಅವರ ಕೆಲಸ ಕೆಟ್ಟಿರುವ ಸಾಧ್ಯತೆ ಇದೆ, ಎಷ್ಟರ ಮಟ್ಟಿಗೆ ಅಂತ ಅಳೆಯಲು ಆಗಲ್ಲ ಎಂದು ತನಿಖಾ ಮಂಡಳಿ ಹೇಳಿತು.

ಫೆಬ್ರವರಿ 24. ಹಡ್ಸನ್‌ನ ಆ ಇಬ್ಬರು ಹೀರೋಗಳು ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಕೂತರು. ಹೊಗಳಿಸಿಕೊಂಡು ಹೋಗ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಅವರು ತಮ್ಮ ಮನೆಯ ಕಷ್ಟ ತೆಗೆದರು. ತನ್ನ ಸಂಬಳ 40 ಪರ್ಸೆಂಟ್ ಕಡಿತವಾಗಿದೆ, ಪಿಂಚಣಿ ಕೈಬಿಟ್ಟು ಹೋಗಿದೆ ಅಂತ ಸಲನ್‌ಬರ್ಗರ್ ಹೇಳಿದರು. ಮಧ್ಯಮ ವರ್ಗದ ಬದುಕು ಉಳಿಸಿಕೊಳ್ಳೋದಕ್ಕೆ ಎರಡು ಕೆಲಸ ಸೇರಿಸಿ ವಾರದ ಏಳೂ ದಿನ ದುಡೀತಿದ್ದೀನಿ ಅಂತ ಸ್ಕೈಲ್ಸ್ ಹೇಳಿದರು. ಅವರ ಎರಡನೇ ಕೆಲಸ ಮನೆ ಕಟ್ಟಿಸುವ ಕಂಟ್ರಾಕ್ಟು. 155 ಜೀವ ಉಳಿಸಿದ ಕೈಗಳಿಗೇ ವಾರದಲ್ಲಿ ಒಂದು ದಿನದ ಬಿಡುವಿರಲಿಲ್ಲ.

ಅಂದರೆ ಇದನ್ನು ದುರಾಸೆ ಅಂತ ತಳ್ಳಿಹಾಕೋದು ಕಷ್ಟ. ದುಡ್ಡಿನ ಜೊತೆ ಇನ್ನೊಂದು ಕಾರಣ ಭಯ. ಅಮೆರಿಕದ ಏರ್‌ಲೈನ್‌ಗಳಲ್ಲಿ ಎಲ್ಲವೂ ಸೀನಿಯಾರಿಟಿ ಮೇಲೆ ನಡೆಯುತ್ತೆ. ಕಂಪನಿ ನಷ್ಟಕ್ಕೆ ಬಿದ್ದರೆ ಕಡೆಗೆ ಸೇರಿದವನು ಮೊದಲು ಮನೆಗೆ. ಬೇರೆ ಕಂಪನಿಗೆ ಹೋದರೆ ಹದಿನೈದು ವರ್ಷದ ಅನುಭವ ಇದ್ದವನೂ ಪಟ್ಟಿಯ ತಳದಿಂದಲೇ ಶುರು ಮಾಡಬೇಕು. 2001ರ ಭಯೋತ್ಪಾದಕ ದಾಳಿಯ ನಂತರ, 2020ರ ಕೊರೋನಾ ಕಾಲದಲ್ಲಿ ಇದನ್ನೆಲ್ಲ ಅನುಭವಿಸಿದವರು ಅವರು. ಹಾಗಾಗಿ ಹೊರಗೆ ಒಂದು ಬಾಗಿಲು ತೆರೆದಿಟ್ಟುಕೊಳ್ತಾರೆ. ಪೈಲಟ್‌ಗಳ ಕೊರತೆಯಿಂದ 2022ರ ಹೊತ್ತಿಗೆ ಸಣ್ಣ ಕಂಪನಿಗಳಲ್ಲೂ ಸಂಬಳ ಚೆನ್ನಾಗಿಯೇ ಏರಿತು, ನಿಜ. ಆದರೆ ಒಮ್ಮೆ ಸುಟ್ಟುಕೊಂಡವನು ಬೆಂಕಿಯನ್ನ ಮರೆಯಲ್ಲ.

ಮೂರನೇ ಕಾರಣ ಪ್ರೀತಿ. ದೊಡ್ಡ ವಿಮಾನದಲ್ಲಿ ಹಾರಾಟದ ಬಹುಪಾಲು ಆಟೋಪೈಲಟ್ ಕೈಯಲ್ಲಿರುತ್ತೆ. ಕೈಯಾರೆ ವಿಮಾನ ಹಿಡಿದು ಹಾರಿಸುವ ಸುಖ ಇರೋದು ಸಣ್ಣ ವಿಮಾನದಲ್ಲೇ. ಅಲ್ಲಿ ಹಾರಿಸುತ್ತಿದ್ದರೆ ಕೈ ಪಳಗಿರುತ್ತೆ, ಅದು ಪ್ರಯಾಣಿಕರಿಗೂ ಒಳ್ಳೇದು ಅಂತ ವಾದಿಸುವ ಪೈಲಟ್‌ಗಳಿದ್ದಾರೆ. ಅನುಭವಿ ಕ್ಯಾಪ್ಟನ್ ಒಬ್ಬ ವಾರಕ್ಕೊಮ್ಮೆ ಹೊಸ ಹುಡುಗರಿಗೆ ಪಾಠ ಹೇಳಿದರೆ ಮುಂದಿನ ತಲೆಮಾರಿಗೂ ಲಾಭ. ಈ ಮಾತನ್ನ ಸುಮ್ಮನೆ ಪಕ್ಕಕ್ಕಿಡೋ ಹಾಗಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಲೆಕ್ಕದ ಪುಸ್ತಕದಲ್ಲಿದೆ.

ಬೆಂಗಳೂರಿನ ಕ್ಯಾಬ್ ಚಾಲಕರನ್ನು ನೋಡಿ. ಒಂದು ಆ್ಯಪ್‌ನಲ್ಲಿ ಎಂಟು ಗಂಟೆ ಓಡಿಸ್ತಾರೆ, ಆಮೇಲೆ ಇನ್ನೊಂದು ಆ್ಯಪ್‌ಗೆ ಲಾಗಿನ್ ಆಗಿ ಆರು ಗಂಟೆ. ಮೊದಲನೇ ಆ್ಯಪ್‌ಗೆ ಗೊತ್ತಿರೋದು ಎಂಟು ಗಂಟೆ. ಎರಡನೆಯದಕ್ಕೆ ಗೊತ್ತಿರೋದು ಆರು. ಹದಿನಾಲ್ಕು ಗಂಟೆ ಅಂತ ಗೊತ್ತಿರೋದು ಆ ಚಾಲಕನ ಸೊಂಟಕ್ಕೆ ಮತ್ತು ಕಣ್ಣಿಗೆ ಮಾತ್ರ. ಪೈಲಟ್ ವಿಷಯದಲ್ಲೂ ಇದೇ. ಪುಸ್ತಕ ಎರಡು, ಮೈ ಒಂದು.

ಬಫಲೋ ದುರಂತದಲ್ಲಿ ಮಡಿದವರ ಕುಟುಂಬಗಳು ಪಟ್ಟು ಹಿಡಿದು ಓಡಾಡಿದ ಮೇಲೆ ಅಮೆರಿಕದಲ್ಲಿ 2010ರಲ್ಲಿ ಹೊಸ ಕಾನೂನು ಬಂತು. ಅದರಂತೆ ವಿಮಾನಯಾನ ಆಡಳಿತ ಎಫ್‌ಎಎ ರೂಪಿಸಿದ ವಿಶ್ರಾಂತಿ ನಿಯಮಗಳು 2014ರ ಜನವರಿ 4ರಿಂದ ಜಾರಿಯಾದವು. 28 ದಿನದಲ್ಲಿ 100 ಗಂಟೆ, ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗುವ ಅವಕಾಶ ಇರಲೇಬೇಕು. ವಾರದಲ್ಲಿ ಒಮ್ಮೆ ಸತತ 30 ಗಂಟೆ ಬಿಡುವು ಕೊಡಬೇಕು.

ಈ ಗಂಟೆಗಳಲ್ಲಿ ಯಾವುದು ಸೇರುತ್ತೆ? ಎಫ್‌ಎಎಯಿಂದ ವಾಣಿಜ್ಯ ಪರವಾನಗಿ ಪಡೆದ ಯಾವುದೇ ಸಂಸ್ಥೆಗೆ ಹಾರಿಸಿದರೂ ಅದು ಸೇರುತ್ತೆ. ಆದರೆ ಪೈಲಟ್ ತನ್ನ ರಜೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಸ್ವಂತವಾಗಿ ಪಾಠ ಹೇಳಿದರೆ? ಒಬ್ಬ ಉದ್ಯಮಿಯ ಸ್ವಂತ ಜೆಟ್ ಹಾರಿಸಿಕೊಟ್ಟರೆ? ಆ ಗಂಟೆಗಳು ಈ ಮಿತಿಯ ಒಳಗೆ ಬರೋದಿಲ್ಲ. ತಮಾಷೆ ನೋಡಿ, ಸರಕು ವಿಮಾನ ಕಂಪನಿಗಳಿಗೆ ಈ ಹೊಸ ನಿಯಮ ಕಡ್ಡಾಯ ಅಲ್ಲ, ಅವು ಹಳೇ ನಿಯಮದಲ್ಲೇ ಇವೆ. ಆ ಹಳೇ ನಿಯಮದಲ್ಲಿ ಹೊರಗಿನ ಯಾವುದೇ ವಾಣಿಜ್ಯ ಹಾರಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಇದೆ. ಬಹಳಷ್ಟು ವಿಷಯಗಳಲ್ಲಿ ಬಿಗಿಯಾಗಿರುವ ಹೊಸ ನಿಯಮ ಈ ಕಡೆ ಸಡಿಲ.

ಯುರೋಪಿನಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಒಬ್ಬ ಪೈಲಟ್ ಒಂದಕ್ಕಿಂತ ಹೆಚ್ಚು ಕಂಪನಿಗೆ ಹಾರಿಸುತ್ತಿದ್ದರೆ, ತನ್ನ ಹಾರಾಟ, ಡ್ಯೂಟಿ, ವಿಶ್ರಾಂತಿಯ ಲೆಕ್ಕವನ್ನು ತಾನೇ ಇಟ್ಟು ಪ್ರತಿಯೊಂದು ಕಂಪನಿಗೂ ಒಪ್ಪಿಸಬೇಕು. ಅಂದರೆ ಎರಡು ಪುಸ್ತಕವನ್ನು ಒಂದು ಮಾಡುವ ಹೊಣೆ ಪೈಲಟ್ ಮೇಲೆ.

ಕಾನೂನು ಬಿಟ್ಟ ಜಾಗವನ್ನು ಏರ್‌ಲೈನ್‌ಗಳು ತಮ್ಮ ಕರಾರಿನಲ್ಲಿ ತುಂಬುತ್ತವೆ. ಸ್ವಂತ ಖುಷಿಗೆ ಸಣ್ಣ ವಿಮಾನ ಹಾರಿಸು, ಬೇಡ ಅನ್ನಲ್ಲ. ದುಡ್ಡಿಗೆ ಹಾರಿಸುವುದಾದರೆ ಮೊದಲು ನಮ್ಮ ಅನುಮತಿ ಪಡಿ ಅಂತ ಅನೇಕ ಕಂಪನಿಗಳು ಹೇಳುತ್ತವೆ. ಅವರ ಚಿಂತೆಗೂ ಕಾರಣ ಇದೆ. ವರ್ಷಕ್ಕೆ 1000 ಗಂಟೆ ಅನ್ನೋದು ಒಂದು ಕೊಡ ನೀರಿದ್ದ ಹಾಗೆ. ಲೆಕ್ಕಕ್ಕೆ ಬರುವ ಹಾರಾಟವನ್ನು ಹೊರಗೆ ಮಾಡಿದರೆ ಕಂಪನಿಗೆ ಉಳಿಯುವ ಗಂಟೆ ಅಷ್ಟು ಕಡಿಮೆ. ಹೊರಗೆ ಏನಾದರೂ ಎಡವಟ್ಟಾಗಿ ಲೈಸೆನ್ಸ್‌ಗೆ ಕುತ್ತು ಬಂದರೆ ಕಂಪನಿಯ ವಿಮಾನವೂ ಹಾರಿಸೋ ಹಾಗಿಲ್ಲ.

ಆದರೆ ಕಂಪನಿಗಳ ಈ ಕಾಳಜಿಯನ್ನು ಪೂರ್ತಿ ನಂಬೋಕೂ ಆಗಲ್ಲ. ಯಾಕೆ ಅಂದರೆ ಇದೇ ಅಮೆರಿಕದ ಕಂಪನಿಗಳು, ಪೈಲಟ್ ಸಾಲದೇ ಬಂದಾಗ, ‘ರಜಾ ದಿನ ಬಂದು ಹಾರಿಸಿ, ಒಂದೂವರೆ ಪಟ್ಟು, ಎರಡು ಪಟ್ಟು ಸಂಬಳ ಕೊಡ್ತೀವಿ’ ಅಂತ ಕರೆಯುತ್ತವೆ. ಆ ಗಂಟೆಗಳೇನೋ ಲೆಕ್ಕಕ್ಕೆ ಸೇರುತ್ತವೆ, ಕಾನೂನಿನ ಮಿತಿಯಲ್ಲೇ ಇರುತ್ತವೆ. ಆದರೂ ಪಕ್ಕದವನಿಗೆ ಮಾರಿದರೆ ರಜೆ ಹಾಳು, ನಮಗೇ ಮಾರಿದರೆ ರಜೆ ಭದ್ರ ಅಂದರೆ ಹೇಗೆ ಸ್ವಾಮಿ? ಆಯಾಸಕ್ಕೆ ಮಾಲೀಕರ ಹೆಸರು ಗೊತ್ತಿರಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಇದು ಹೊರಗಿನ ಕೆಲಸದ ಪ್ರಕರಣ ಅಲ್ಲ, ಮೊದಲೇ ಸ್ಪಷ್ಟವಾಗಿ ಹೇಳ್ತೀನಿ. ವಿಶ್ರಾಂತಿಯ ಲೆಕ್ಕ ಮತ್ತು ಮೈಯ ಲೆಕ್ಕ ಹೇಗೆ ಬೇರೆ ಆಗಬಹುದು ಅನ್ನೋದಕ್ಕೆ ಇದಕ್ಕಿಂತ ಕಹಿಯಾದ ಪಾಠ ಇಲ್ಲ. 2010ರ ಮೇ 22, ಬೆಳಗಿನ ಹೊತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದ್ದು 8 ಮಂದಿ. 158 ಜನ ಹೋದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ದೀಪ ಇನ್ನೂ ಆರಿಲ್ಲ.

ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖಾ ವರದಿ ಏನು ಹೇಳಿತು? ಸರಿಯಾಗಿ ಇಳಿಯಲು ಆಗದ ಸ್ಥಿತಿಯಲ್ಲಿ ವಿಮಾನ ಇದ್ದರೂ, ಸಹ ಪೈಲಟ್ ಮೂರು ಸಲ ಮತ್ತೆ ಮೇಲೇರಿಸಲು ಹೇಳಿದರೂ, ಕ್ಯಾಪ್ಟನ್ ಇಳಿಸಲು ಮುಂದುವರಿಸಿದ್ದು ಕಾರಣ ಎಂದಿತು. ಕಾಕ್‌ಪಿಟ್‌ನ ಧ್ವನಿ ಮುದ್ರಿಕೆಯಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದದ್ದು, ಗೊರಕೆ ಸಮೇತ, ದಾಖಲಾಗಿತ್ತು. ಹಾರಾಟಕ್ಕೆ ಮುಂಚೆ ಅವರಿಗೆ ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿತ್ತು ಅಂತಲೂ ಅದೇ ವರದಿ ಹೇಳುತ್ತೆ! ಕಾಗದದಲ್ಲಿ ವಿಶ್ರಾಂತಿ ಇತ್ತು. ಆದರೂ ನಸುಕಿನ ಆ ಹೊತ್ತಿನಲ್ಲಿ ಗಾಢ ನಿದ್ದೆಯಿಂದ ಎದ್ದವರ ತಲೆ ಪೂರ್ತಿ ಎಚ್ಚರಗೊಂಡಿರದ ಸಾಧ್ಯತೆಯನ್ನು ವರದಿ ಗುರುತಿಸಿತು.

ಇನ್ನೊಂದು ಇಂಡೋನೇಷ್ಯಾದ್ದು. 2024ರ ಜನವರಿ 25ರಂದು ಕೆಂಡಾರಿಯಿಂದ ಜಕಾರ್ತಕ್ಕೆ ಹೊರಟ ಬಾಟಿಕ್ ಏರ್ ವಿಮಾನದಲ್ಲಿ ಇಬ್ಬರೂ ಪೈಲಟ್‌ಗಳು ಒಟ್ಟಿಗೇ ಸುಮಾರು 28 ನಿಮಿಷ ನಿದ್ದೆ ಹೋದರು. ಕ್ಯಾಪ್ಟನ್ ಹೇಳಿಯೇ ಮಲಗಿದ್ದರು, ಸಹ ಪೈಲಟ್‌ಗೆ ಗೊತ್ತಿಲ್ಲದೆ ಕಣ್ಣು ಹತ್ತಿತು. 153 ಪ್ರಯಾಣಿಕರ ಪುಣ್ಯ, ವಿಮಾನ ಸುರಕ್ಷಿತವಾಗಿ ಇಳಿಯಿತು. ಆ ಸಹ ಪೈಲಟ್ ಹೊರಗೆ ದುಡಿಯುತ್ತಿದ್ದರಾ? ಇಲ್ಲ. ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳಿದ್ದವು. ಹೆಂಡತಿಗೆ ನೆರವಾಗಲು ರಾತ್ರಿ ಮತ್ತೆ ಮತ್ತೆ ಎದ್ದಿದ್ದರು. ಇದನ್ನು ಯಾವ ಕಂಪನಿ ತಡೆಯುತ್ತೆ? ಯಾವ ಕಾನೂನು ಗಂಟೆ ಎಣಿಸುತ್ತೆ?

ಹೀಗಾಗಿ ‘ಹೊರಗಿನ ಕೆಲಸ ನಿಷೇಧ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ’ ಅನ್ನುವ ವಾದ ಅರ್ಧ ಸತ್ಯ. ನಿಷೇಧ ಮಾಡಿದರೆ ಆ ಪೈಲಟ್ ರಜಾ ದಿನ ಮಲಗಿಯೇ ಇರ್ತಾನೆ ಅಂತ ಏನು ಗ್ಯಾರಂಟಿ? ಮನೆ ಕಟ್ಟಿಸ್ತಾನೆ, ಮಗಳ ಮದುವೆಗೆ ಓಡಾಡ್ತಾನೆ, ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಎಚ್ಚರ ಕೂರ್ತಾನೆ.

ಇಲ್ಲಿಗೆ ಮೂಲ ಮಾತು ಬಂತು. ನಾವು ಎರಡು ವಿಷಯವನ್ನು ಒಂದೇ ಅಂತ ತಿಳಿದುಕೊಂಡಿದ್ದೀವಿ. ರಜೆ ಬೇರೆ, ವಿಶ್ರಾಂತಿ ಬೇರೆ. ರಜೆ ಪೈಲಟ್‌ನ ಸ್ವತ್ತು. ಆದರೆ ವಿಮಾನ ಹತ್ತುವ ಮುಂಚೆ ಕಾನೂನು ಕೊಡಿಸುವ ವಿಶ್ರಾಂತಿ ಇದೆಯಲ್ಲ, ಅದು ಡ್ಯೂಟಿಯದೇ ಒಂದು ಭಾಗ. ಎಂಜಿನ್‌ಗೆ ಆಯಿಲ್ ಹಾಕಿದಂತೆ, ಟೈರ್ ಪರೀಕ್ಷೆ ಮಾಡಿದಂತೆ. ಅದಕ್ಕೆ ನೀವು ಟಿಕೆಟ್‌ನಲ್ಲೇ ದುಡ್ಡು ಕೊಟ್ಟಿದ್ದೀರಿ. ಅದನ್ನು ಪೈಲಟ್ ಹೊರಗೆ ಮಾರುವಂತಿಲ್ಲ, ಕಂಪನಿ ಒಳಗೆ ಕದಿಯುವಂತಿಲ್ಲ.

ನಮ್ಮ ದೇಶದಲ್ಲಿ ಈ ವ್ಯತ್ಯಾಸ ಎಷ್ಟು ದುಬಾರಿ ಅಂತ 2025ರ ಡಿಸೆಂಬರ್‌ನಲ್ಲಿ ನೋಡಿದೆವು. ಅಮೆರಿಕದಲ್ಲಿರುವಷ್ಟು ಹೊರಗಿನ ಹಾರಾಟದ ಕೆಲಸ ನಮ್ಮಲ್ಲಿಲ್ಲ. ನಮ್ಮ ಜಗಳ ಇದ್ದದ್ದೇ ವಿಶ್ರಾಂತಿಯ ಬಗ್ಗೆ. ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಅಂದರೆ ಹನ್ನೆರಡರಿಂದ ಐದು ಅಂತಿದ್ದದ್ದು ಆರು ಗಂಟೆವರೆಗೆ ಅಂತಾಯಿತು. ರಾತ್ರಿ ಪಾಳಿಯಲ್ಲಿ ಆರು ಬಾರಿ ವಿಮಾನ ಇಳಿಸಬಹುದಿತ್ತು, ಅದು ಎರಡಕ್ಕೆ ಇಳಿಯಿತು. ಕಂಪನಿಗಳು ಒಪ್ಪಲಿಲ್ಲ, ಜಾರಿ ಮುಂದಕ್ಕೆ ಹೋಯಿತು, ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1, ಹೀಗೆ ಎರಡು ಹಂತದಲ್ಲಿ ಜಾರಿಗೆ ಬಂತು.

ಡಿಸೆಂಬರ್ ಮೊದಲ ವಾರ ಏನಾಯಿತು ಅಂತ ನಿಮಗೇ ಗೊತ್ತು. ದೇಶದ ಅತಿ ದೊಡ್ಡ ಕಂಪನಿ ಇಂಡಿಗೋ ತಯಾರಾಗಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದು. ಕೆಂಪೇಗೌಡ ನಿಲ್ದಾಣದಲ್ಲಿ ಜನ ನೆಲದ ಮೇಲೆ ಮಲಗಿದರು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ವಧು ವರರಿಲ್ಲದೆ, ವಿಡಿಯೋ ಮೂಲಕವೇ ನಡೆಯಿತು. ಆಗ ಡಿಜಿಸಿಎ ಏನು ಮಾಡಿತು? ವಾರದ ವಿಶ್ರಾಂತಿಯ ಬದಲು ರಜೆಯನ್ನು ತೋರಿಸುವಂತಿಲ್ಲ ಅಂತ ಒಂದು ಷರತ್ತು ಇತ್ತು. ಅದನ್ನೇ ವಾಪಸ್ ತೆಗೆದುಕೊಂಡಿತು. ರಾತ್ರಿ ಹಾರಾಟದ ಕೆಲವು ನಿಯಮಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿಯನ್ನೂ ಕೊಟ್ಟಿತು.

ಗಮನಿಸಿ, ಒತ್ತಡ ಬಂದಾಗ ಮೊದಲು ಬಿದ್ದ ಗೋಡೆ ಯಾವುದು? ರಜೆ ಮತ್ತು ವಿಶ್ರಾಂತಿಯ ನಡುವಿನ ಗೋಡೆ.

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ ಮೂರು ಕೆಲಸ. ಒಂದು, ಹೊರಗೆ ಹಾರಿಸುವ ಪ್ರತಿ ಗಂಟೆಯೂ, ಪಾಠ ಹೇಳಿದ್ದಾದರೂ ಸರಿ, ಖಾಸಗಿ ಜೆಟ್ ಆದರೂ ಸರಿ, ಒಂದೇ ಲೆಕ್ಕಕ್ಕೆ ಬರಬೇಕು. ಯುರೋಪಿನ ದಾರಿ ಇದಕ್ಕೆ ಹತ್ತಿರ ಇದೆ. ಎರಡು, ಕಡ್ಡಾಯ ವಿಶ್ರಾಂತಿಯ ಗಂಟೆಗಳನ್ನು ಯಾರೂ ಮುಟ್ಟಬಾರದು. ಅದನ್ನು ಬಿಟ್ಟು ಉಳಿದ ರಜೆಯಲ್ಲಿ ಪೈಲಟ್ ಗ್ಲೈಡರ್ ಎಳೆಯಲಿ, ಪಾಠ ಹೇಳಲಿ, ತೋಟದಲ್ಲಿ ಅಡಿಕೆ ಸುಲಿಯಲಿ, ಅದು ಅವರ ಬದುಕು.

ಮೂರನೆಯದೇ ಬಹಳ ಮುಖ್ಯ. ಅಮೆರಿಕದ ನಿಯಮದಲ್ಲಿ ಪೈಲಟ್ ಪ್ರತಿ ಹಾರಾಟಕ್ಕೆ ಮುಂಚೆ ‘ನಾನು ಡ್ಯೂಟಿಗೆ ಫಿಟ್ ಇದ್ದೀನಿ’ ಅಂತ ತಾನೇ ದೃಢೀಕರಿಸಬೇಕು. ನಮ್ಮ ಹೊಸ ನಿಯಮದಲ್ಲೂ ಪೈಲಟ್‌ಗಳ ಆಯಾಸದ ವರದಿಗಳನ್ನು ಕಂಪನಿಗಳು ಮೂರು ತಿಂಗಳಿಗೊಮ್ಮೆ ಡಿಜಿಸಿಎಗೆ ಕೊಡಬೇಕು ಅಂತ ಇದೆ. ಇವೆಲ್ಲ ಕೆಲಸ ಮಾಡಬೇಕಾದರೆ ‘ಇವತ್ತು ನನ್ನಿಂದ ಆಗಲ್ಲ’ ಅಂತ ಹೇಳಿದ ಪೈಲಟ್‌ಗೆ ಮೆಮೋ ಬರಬಾರದು, ಸಂಬಳ ಕಟ್ ಆಗಬಾರದು. ಅವಳಿ ಮಕ್ಕಳ ಅಪ್ಪನೂ, ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಹುಡುಗಿಯೂ ಅದನ್ನು ಧೈರ್ಯವಾಗಿ ಹೇಳುವಂತಿರಬೇಕು. ಹೊರಗೆ ದುಡಿದು ದಣಿದವನೂ ಸುಳ್ಳು ಹೇಳದೆ ಒಪ್ಪಿಕೊಳ್ಳುವಂತಿರಬೇಕು.

ಇದರಲ್ಲಿ ನಮ್ಮ ಪಾಲೂ ಇದೆ ವೀಕ್ಷಕರೇ. ಟಿಕೆಟ್ ಅಗ್ಗ ಆಗಬೇಕು, ವಿಮಾನ ಒಂದು ನಿಮಿಷವೂ ತಡ ಆಗಬಾರದು, ಪೈಲಟ್ ಮಾತ್ರ ಚೆನ್ನಾಗಿ ನಿದ್ದೆ ಮಾಡಿರಬೇಕು ಅಂದರೆ ಮೂರೂ ಒಟ್ಟಿಗೆ ಸಿಗಲ್ಲ. ಮುಂದಿನ ಸಲ ಗೇಟಿನ ಹತ್ತಿರ ‘ಸಿಬ್ಬಂದಿಯ ವಿಶ್ರಾಂತಿಯ ಕಾರಣ ಎರಡು ಗಂಟೆ ತಡ’ ಅಂತ ಹೇಳಿದರೆ ಸಿಟ್ಟು ಬರುತ್ತೆ, ಬರಲಿ. ಸಾಕಷ್ಟು ಪೈಲಟ್‌ಗಳನ್ನು ಯಾಕೆ ಇಟ್ಟುಕೊಂಡಿಲ್ಲ ಅಂತ ಕಂಪನಿಯನ್ನು ಕೇಳಿ. ಆದರೆ ಕೌಂಟರಿನಲ್ಲಿ ನಿಂತ ಹುಡುಗಿಯ ಮೇಲೆ ಕೂಗಾಡಬೇಡಿ. ನಿದ್ದೆ ಸಾಲದೆ ‘ಇವತ್ತು ಆಗಲ್ಲ’ ಅಂದ ಆ ಪೈಲಟ್ ಮೇಲಂತೂ ಬೇಡವೇ ಬೇಡ.